ನಾಲ್ಕನೆಯ ಕರೆ

ತೇಲೂರು,
ಎರಡನೆಯ ಕಾರ್ತಿಕದ ಮೂವತ್ತೆಂಟನೆಯ ದಿನ,
ಕಡಲು ಗದ್ದೆ ಹತ್ತಿದ ಮೇಲಿನ ನೂರಾ ಹನ್ನೊಂದನೆಯ ವರ್ಷ

ಮೃದುಲಜ್ಜಿಯವರಿಗೆ ನಿಮ್ಮ ಮನೆಯ ಸೊಸೆ ವಾರಾಹಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಲೆ ಕೆಟ್ಟವರು ಬರೆದ ಕಾಗದ ಎಂದು ಪಕ್ಕಕ್ಕಿಡಬೇಡಿ. ಮಳೆ ನಿಲ್ಲದೆ ತಿಂಗಳು ಮುಗಿಸಬಾರದು ಎಂದು ನಮ್ಮ ಹಿರಿಯರು ತೀರ್ಮಾನ ಮಾಡಿದ ಮೇಲೆ ನಮ್ಮ ತಿಂಗಳುಗಳು ಹೀಗೆ ಉದ್ದುದ್ದ ಬೆಳೆದಿವೆ, ಕೆಲವು ವರ್ಷ ಕಾರ್ತಿಕ ಎರಡು ಸಲ ಬರುತ್ತದೆ. ನನ್ನ ಮಾತಿನಲ್ಲೂ ನಿಮಗೆ ಗೊತ್ತಿಲ್ಲದ ಪದಗಳು ನುಸುಳಬಹುದು, ಅದಕ್ಕೆ ಕ್ಷಮೆ ಇರಲಿ. ಇನ್ನು ನಿಮ್ಮನ್ನು ಹೇಗೆ ಕರೆಯುವುದು ಎಂಬುದೇ ಒಂದು ಫಜೀತಿ. ವರಸೆಯಲ್ಲಿ ನೀವು ಮುತ್ತಜ್ಜಿಗೂ ಮೇಲಿನವರು. ವಯಸ್ಸಿನಲ್ಲಿ ನೋಡಿದರೆ ನಿಮಗೆ ಈಗ ಮೂವತ್ತರ ಆಸುಪಾಸು, ನನಗೆ ಐವತ್ತು ದಾಟಿ ಮಂಡಿನೋವು ಶುರುವಾಗಿದೆ. ಆದರೂ ಅಜ್ಜಿ ಎಂದೇ ಕರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಆಗಿಹೋದ ಕಾಲಕ್ಕೆ ಟಪಾಲು ಹಾಕುವ ಏರ್ಪಾಡು. ಮನೆಗೆ ಒಂದೇ ಕಾಗದ, ಜೀವಮಾನಕ್ಕೆ ಒಂದೇ ಸಲ. ಅದು ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಹೊಳೆಗೆ ದೀಪ ಬಿಟ್ಟಂತೆ ಬಿಡುವುದು ಅಷ್ಟೆ. ಹೆಚ್ಚಿನವರು ಹಿರಿಯರಿಗೆ ನಮಸ್ಕಾರ ಬರೆದು ಮುಗಿಸುತ್ತಾರೆ. ನಮ್ಮ ಪಕ್ಕದ ಮನೆಯವರು ಮಾತ್ರ ಅವರ ಮುತ್ತಾತನಿಗೆ ಮೂರು ಪುಟ ತುಂಬ ಬೈದು ಕಳಿಸಿದರು, ಬಾವಿ ಮುಚ್ಚಿಸಿ ಕಾರು ನಿಲ್ಲಿಸುವ ಜಾಗ ಮಾಡಿದ್ದಕ್ಕಂತೆ. ನಾನು ಬೈಯಲು ಬರೆಯುತ್ತಿಲ್ಲ, ಅಥವಾ ಬರೀ ಬೈಯಲು ಬರೆಯುತ್ತಿಲ್ಲ. ನನ್ನದೊಂದು ಬೇಡಿಕೆ ಇದೆ. ನೀವು ಈ ರಜೆಯಲ್ಲಿ ಗಂಡ, ಮಗಳ ಜೊತೆ ಒಂದು ದ್ವೀಪಕ್ಕೆ ಹೊರಟಿದ್ದೀರಿ. ಚೀಲ ಕಟ್ಟುವ ಮೊದಲು ಇದನ್ನು ಪೂರ್ತಿ ಓದಿ.

ಮೊದಲು ನನ್ನ ಅತ್ತೆಯ ವಿಷಯ. ಅವರ ಹೆಸರು ಶಾಂಭವಿ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಕಡಲು ನುಂಗಿದ ಹೊಳೆಗಳ ಹೆಸರಿಡುತ್ತಾರೆ, ಹೊಳೆ ಹೋದರೂ ಕರೆಯುವ ಬಾಯಿಗೆ ಹೆಸರು ಉಳಿಯಲಿ ಎಂದು. ನಿಮ್ಮ ಮಗಳ ಮಗಳ ಮಗಳ ಮಗಳು ಈ ಶಾಂಭವಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಅದು ಐದು ತಲೆಮಾರು ನೀರಲ್ಲಿ ನೆನೆದರೂ ಹೋಗಿಲ್ಲ. ಎಲ್ಲರೂ ಬಲಕ್ಕೆ ಹೋದರೆ ಇವರು ಎಡಕ್ಕೆ. ಎಲ್ಲರೂ ನೋಡುವ ಜಾಗಕ್ಕೆ ಕಾಲಿಟ್ಟರೆ ಇವರಿಗೆ ಆಕಳಿಕೆ ಬರುತ್ತದೆ. ಯಾರೂ ನೋಡದ ಪೊಟರೆ, ಹಳ್ಳ, ಬಂಡೆಯ ಹಿಂದುಗಡೆ, ಇಂಥವೇ ಬೇಕು. ಎಪ್ಪತ್ತು ದಾಟಿದೆ, ಒಂದು ಕಣ್ಣಿಗೆ ಪೊರೆ, ಆದರೂ ಕಾಲು ನಿಲ್ಲುವುದಿಲ್ಲ. ಕೇಳಿದರೆ ನಿಮ್ಮ ಹೆಸರು ಹೇಳುತ್ತಾರೆ: "ನಮ್ಮ ಮೃದುಲಜ್ಜಿ ಹಾಗೇ ಇದ್ರಂತೆ." ಗುಣ ನಿಮ್ಮದು, ತಲೆನೋವು ನನ್ನದು.

ಹೋದ ಬೇಸಿಗೆಯಲ್ಲಿ ನಮ್ಮ ಮನೆಗೆ ಬಿಡುಪಾಳಿ ಬಂತು. ನಿಮಗೆ ವರ್ಷಕ್ಕೆ ಎಷ್ಟೋ ಸಲ ರಜೆ ಇದೆಯಂತೆ. ನಮಗೆ ಹಾಗಿಲ್ಲ. ಊರು ನೀರಿನ ಮೇಲೆ ತೇಲುತ್ತದೆ, ಅದನ್ನು ತೇಲಿಸಿಡುವ ಕೆಲಸ ಒಂದು ದಿನವೂ ನಿಲ್ಲುವಂತಿಲ್ಲ. ಊರನ್ನು ಕಟ್ಟಿಹಿಡಿದ ಹಗ್ಗಗಳ ಮಿಣಿ ಬಿಗಿಯಬೇಕು, ಪಾಚಿ ಕೆರೆಯಬೇಕು, ಉಪ್ಪು ಬಿಡಿಸಿ ಕುಡಿಯುವ ನೀರು ಮಾಡಬೇಕು. ಹಾಗಾಗಿ ಮನೆಮನೆಗೆ ಪಾಳಿಯ ಮೇಲೆ ಬಿಡುವು ಕೊಡುತ್ತಾರೆ, ಅದೇ ಬಿಡುಪಾಳಿ. ಪಾಳಿ ಬಂದವರು ನೆಲ ಇರುವ ಕಡೆ ಹೋಗಿ ಒಂದಷ್ಟು ದಿನ ಕಾಲೂರಿ ಬರುತ್ತಾರೆ. ನನ್ನ ಗಂಡ "ನೀವಿಬ್ಬರೇ ಹೋಗಿ ಬನ್ನಿ, ನನಗೆ ಮಿಣಿ ಬಿಗಿಯೋದಿದೆ" ಎಂದರು. ತಾಯಿ ಮತ್ತು ಹೆಂಡತಿಯ ನಡುವೆ ಸಿಕ್ಕಿಕೊಳ್ಳುವುದಕ್ಕಿಂತ ಮಿಣಿ ಮೇಲು ಎಂದು ಅವರ ಲೆಕ್ಕ. ನಾವು ಹೋದದ್ದು ನೀರ್ಕೋಡು ಕುದ್ರುವಿಗೆ. ನಿಮ್ಮ ಕಾಲದಲ್ಲಿ ಅದು ದ್ವೀಪವಲ್ಲ, ಕರಾವಳಿಯ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದ ಒಂದು ಬೋಳುಗುಡ್ಡ. ಈಗ ಸುತ್ತಲೂ ಕಡಲು, ನೆತ್ತಿ ಮಾತ್ರ ಹಸಿರು.

ಕುದ್ರುವಿನಲ್ಲಿ ಎಲ್ಲರಿಗೂ ತೋರಿಸುವ ಜಾಗಗಳು ಬೇಕಾದಷ್ಟಿವೆ. ಬಿಳಿಮರಳಿನ ದಂಡೆ ಇದೆ, ಅಲ್ಲಿ ಮರಳಿಗಿಂತ ಜನ ಹೆಚ್ಚು. ಹಳೆಯ ಮೊಬೈಲ್ ಟವರಿನ ಮೇಲೆ ಕಡಲಹದ್ದುಗಳು ಗೂಡು ಕಟ್ಟಿವೆ, ಅದನ್ನು ನೋಡಲು ಸಾಲು ನಿಲ್ಲಬೇಕು. ಅತ್ತೆ ಮೊದಲ ದಿನವೇ ಎರಡನ್ನೂ ದೂರದಿಂದ ನೋಡಿ "ಆಯ್ತು" ಎಂದು ತಿರುಗಿಬಿಟ್ಟರು. ಮಾರನೆಯ ದಿನದಿಂದ ಶುರುವಾಯಿತು ನೋಡಿ, ಇಳಿತದಲ್ಲಿ ಮಾತ್ರ ತಲೆ ಎತ್ತುವ ಒಂದು ಶಾಲೆಯ ತಾರಸಿ ಹುಡುಕಿದರು. ಅದರ ಮೇಲೆ ಕೂತು ನಾವು ಕಟ್ಟಿಕೊಂಡು ಹೋದ ಕಡುಬು ತಿಂದೆವು, ಕೆಳಗೆ ತರಗತಿಗಳಲ್ಲಿ ಮೀನು ಓಡಾಡುವುದು ಕಾಣುತ್ತಿತ್ತು. ಕೇದಗೆಯ ಪೊದೆಯೊಳಗೆ ಬಗ್ಗಿ ಹೋದರೆ ಒಂದು ಸಿಹಿನೀರಿನ ಒರತೆ, ಬೊಗಸೆಯಷ್ಟೇ ನೀರು, ಆದರೆ ಎಂಥ ತಂಪು. ಒಂದು ಕಡೆ ಹೆದ್ದಾರಿಯ ತುಂಡೊಂದು ಕಾಡಿನ ನಡುವೆ ಉಳಿದಿತ್ತು, ಅದರ ಬಿಳಿಗೆರೆಯ ಮೇಲೆ ಅತ್ತೆ ಸೆರಗು ಸಿಕ್ಕಿಸಿಕೊಂಡು ನಡೆದರು. ಬೈಯುತ್ತ ಹಿಂದೆ ಹೋದರೂ ನನಗೂ ಖುಷಿಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಇಂಥ ಜಾಗಗಳನ್ನು ಅಲ್ಲಿನವರು ಮರೆಜಾಗ ಎನ್ನುತ್ತಾರೆ. ಅವು ಯಾವ ನಕ್ಷೆಯಲ್ಲೂ ಇಲ್ಲ, ಊರಿನವರು ಮನಸ್ಸು ಬಂದವರಿಗೆ ಮಾತ್ರ ತೋರಿಸುತ್ತಾರೆ.

ಕೊನೆಗೆ ಉಳಿದದ್ದು ಉಸಿರುಗವಿ. ಕುದ್ರುವಿನ ಪಡುವಣ ಬದಿಯಲ್ಲಿ, ಬಂಡೆಯ ಬುಡದಲ್ಲಿ ಒಂದು ಬಾಯಿ. ಇಳಿತದ ಹೊತ್ತಿಗೆ ಮೊಣಕಾಲುದ್ದದ ನೀರಿನಲ್ಲಿ ಒಳಗೆ ಹೋದರೆ, ಎಡಕ್ಕೂ ಬಲಕ್ಕೂ ಕವಲೊಡೆದು, ಕೊನೆಯಲ್ಲಿ ಒಂದು ದೊಡ್ಡ ಪಡಸಾಲೆಯಂಥ ಜಾಗ ಸಿಗುತ್ತದಂತೆ. ಮೇಲಿನ ಬಿರುಕಿನಿಂದ ಸಂಜೆಯ ಬಿಸಿಲು ಬಿದ್ದು ಅಲ್ಲಿನ ನೀರು ಅರಿಸಿನದ ಬಣ್ಣ ತಾಳುತ್ತದಂತೆ. ಉಬ್ಬರ ಶುರುವಾದರೆ ಬಾಯಿ ಮುಚ್ಚುತ್ತದೆ. ಗವಿಯನ್ನು ಕಾಯುವವನು ಜಟ್ಟಪ್ಪ, ಅರವತ್ತರ ಹತ್ತಿರದ, ಮಾತು ಕಮ್ಮಿಯ ಮನುಷ್ಯ. ಒಳಗೆ ಹೋಗಬೇಕಾದರೆ ಒಬ್ಬರು ಬಾಯಲ್ಲಿ ಕೂರಬೇಕು. ಒಳಗಿನವರು ಆಗಾಗ "ಕೂ" ಎನ್ನಬೇಕು, ಹೊರಗಿನವರು ಓಗೊಡಬೇಕು. ಮಾತು ಒಳಗೆ ಹೋಗುವುದಿಲ್ಲ, ಕಲ್ಲು ಅದನ್ನು ತಿಂದುಹಾಕುತ್ತದೆ. ಉದ್ದಕ್ಕೆ ಎಳೆದ ದನಿ ಮಾತ್ರ ಹೋಗುತ್ತದೆ. ನಾವು ಕಿವಿಯಲ್ಲಿ ಇಟ್ಟುಕೊಳ್ಳುವ ಮಾತುಗುಂಡಿಗಳೂ ಅಲ್ಲಿ ಸತ್ತಂತೆಯೇ.

ಗವಿಯದೇ ಇನ್ನೊಂದು ಚಾಳಿ ಇದೆ. ನೀರು ಏರುವಾಗ ಒಳಗಿನ ಗಾಳಿ ಎರಡು ತೂತಿನಿಂದ ಹೊರಗೆ ನುಗ್ಗುತ್ತದೆ, ಥೇಟು ಮನುಷ್ಯರು ಕೂ ಹಾಕಿದ ಹಾಗೆಯೇ. ಒಂದು ಸಲ, ಎರಡು ಸಲ. ಮೂರನೆಯದು ಯಾವತ್ತೂ ಇಲ್ಲ. ಹಾಗಾಗಿ ಅಲ್ಲಿನ ಕಟ್ಟಳೆ ಏನೆಂದರೆ, ಉಬ್ಬರ ಹತ್ತಿದ ಮೇಲೆ ಒಳಗಿನಿಂದ ಮೂರನೆಯ ಕೂಗು ಬಂದರೆ ಮಾತ್ರ ಯಾರಾದರೂ ಒಳಗೆ ಇಳಿಯಬೇಕು. ಜಟ್ಟಪ್ಪ ಇದನ್ನು ನಮಗೆ ಮೊದಲೇ ಹೇಳಿದ: "ಎರಡು ಗವಿದು, ಮೂರ್ನೇದು ಮನ್ಷರದ್ದು. ಎಂತಾದ್ರೂ ಆದ್ರೆ ಮೂರು ಸಲ ಕೂಗ್ಬೇಕು, ಆತಾ?" ಅತ್ತೆ ಆಗಲೆಂದು ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ "ನಮ್ಮನೇಲಿ ಎರಡೇ ಅಲ್ವಾ" ಎಂದು ನಕ್ಕರು. ನಾನೂ ನಕ್ಕೆ. ಅಪಾಯ ಬರುವುದು ಬೇರೆಯವರಿಗೆ ಎಂದು ಎಲ್ಲರೂ ನಂಬಿರುತ್ತಾರೆ.

ನಮ್ಮನೆಯಲ್ಲಿ ಎರಡೇ ಏಕೆ ಎಂದು ಈಗ ನಿಮಗೆ ಹೇಳಬೇಕು. ನಮ್ಮಲ್ಲಿ ಮುಕ್ಕರೆ ಎಂಬ ಪದ್ಧತಿ ಇದೆ. ಕಡಲಿಗೆ ಹೋದವರು ಬಾರದಿದ್ದರೆ ದಂಡೆಯಲ್ಲಿ ನಿಂತು ಅವರ ಹೆಸರನ್ನು ಒಂದು ರಾಗದಲ್ಲಿ ಎಳೆದು ಮೂರು ಸಲ ಕರೆಯುತ್ತೇವೆ. ಮೂರಕ್ಕೂ ಉತ್ತರ ಬರದಿದ್ದರೆ ಮನೆಗೆ ಬಂದು ಅವರ ಊಟದ ತಟ್ಟೆ ಕವುಚಿಡುತ್ತೇವೆ. ಅಲ್ಲಿಗೆ ಮುಗಿಯಿತು. ಆದ್ದರಿಂದ ನಮ್ಮ ಮನೆಯಲ್ಲಿ ಬದುಕಿರುವವರನ್ನು ಮೂರನೆಯ ಸಲ ಯಾರೂ ಕರೆಯುವುದಿಲ್ಲ. ಮಕ್ಕಳನ್ನು ಊಟಕ್ಕೆ ಕರೆಯುವುದೂ ಎರಡೇ ಸಲ, ಆಮೇಲೆ ಹೋಗಿ ಕಿವಿ ಹಿಂಡಿ ಎಳೆದು ತರಬೇಕು. ತನ್ನನ್ನು ಉಳಿಸಿ ಎಂದು ಕೂಗುವಾಗಲೂ ಎರಡೇ. ಈಗ ಕಡಲ ಬದಿಗೆಲ್ಲ ಹಬ್ಬಿರುವ ಈ ಮುಕ್ಕರೆ ಶುರುವಾದದ್ದು ನಿಮ್ಮಿಂದ, ಮೃದುಲಜ್ಜಿ. ನೀವು ಈಗ ಹೊರಟಿರುವ ರಜೆಯಲ್ಲಿ, ಎಲ್ಲರೂ ಈಜುವ ದಂಡೆ ಬಿಟ್ಟು, ಬಂಡೆಯಾಚೆ ಯಾರೂ ನೋಡದ ಒಂದು ಸಣ್ಣ ಕೊಲ್ಲಿ ಇದೆ ಎಂದು ಒಬ್ಬರೇ ಹೋದಿರಂತೆ. ಹೊತ್ತು ಇಳಿದ ಮೇಲೆ ನಿಮ್ಮ ಗಂಡ ಮಗಳ ಕೈ ಹಿಡಿದು ದಂಡೆಯಲ್ಲಿ ನಿಂತು ನಿಮ್ಮ ಹೆಸರನ್ನು ಮೂರು ಸಲ ಕೂಗಿದರಂತೆ. ಎರಡನೆಯ ಕೂಗಿನ ನಂತರ ಮಗು "ಅಮ್ಮ ಓ ಅಂದ್ಲು" ಎಂದಳಂತೆ. ಬೇರೆ ಯಾರಿಗೂ ಕೇಳಿಸಲಿಲ್ಲ. ಮೂರನೆಯದರ ನಂತರ ಅವರು ಕೂಗುವುದನ್ನು ನಿಲ್ಲಿಸಿ ಜನರನ್ನು ಕರೆತರಲು ಓಡಿದರು. ನೀವು ಸಿಗಲಿಲ್ಲ. ಆ ಮಗು ದೊಡ್ಡವಳಾಗಿ, ಮುದುಕಿಯಾಗಿ, ಸಾಯುವವರೆಗೂ ಮನೆಯಲ್ಲಿ ಯಾರನ್ನೂ ಮೂರನೆಯ ಸಲ ಕರೆಯಲು ಬಿಡಲಿಲ್ಲ. ಮೂರಾದ ಮೇಲೆ ಜನ ಕೇಳಿಸಿಕೊಳ್ಳುವುದನ್ನು ನಿಲ್ಲಿಸುತ್ತಾರೆ ಎನ್ನುತ್ತಿದ್ದಳಂತೆ.

ಈಗ ಗವಿಯ ಬಾಯಿಗೆ ಬನ್ನಿ. ಅತ್ತೆ ಊರುಗೋಲು ನನ್ನ ಕೈಗೆ ಕೊಟ್ಟು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಒಳಗೆ ಹೋದರು. ಜಟ್ಟಪ್ಪ ಪಡಸಾಲೆಯವರೆಗೆ ಬಿಟ್ಟು ಬಂದ. ಅಲ್ಲಿ ಒಂದು ಗಳಿಗೆ ಒಬ್ಬಳೇ ಕೂರುತ್ತೇನೆ, ನೀನು ನಡಿ ಎಂದು ಅವರೇ ಅವನನ್ನು ಅಟ್ಟಿದರಂತೆ. ಮೊದಮೊದಲು ಕೂ ಬರುತ್ತಿತ್ತು, ನಾನು ಓಗೊಡುತ್ತಿದ್ದೆ. ಅವರ ದನಿಯಲ್ಲಿ ಕುಣಿಯುವಷ್ಟು ಸಂತೋಷವಿತ್ತು. ನಾನು ಹುರಿಗಡಲೆ ತಿನ್ನುತ್ತ ಕೂತಿದ್ದೆ. ಆಮೇಲೆ ದನಿ ನಿಂತಿತು. ನಾನು ಕೂ ಎಂದೆ, ಉತ್ತರವಿಲ್ಲ. ಬಂಡೆಯ ಮೇಲೆ ಒಣಗಿದ್ದ ಗೆರೆಯನ್ನು ನೀರು ಮತ್ತೆ ಮುಟ್ಟಿತು. ಜಟ್ಟಪ್ಪ ಎದ್ದು ನಿಂತು ಕಡಲನ್ನು ನೋಡಿದ. "ಹೊರಡೂ ಹೊತ್ತಾತು, ಅಮ್ಮ ಬರ್ಬೇಕಿತ್ತು" ಎಂದ. ನಾನು ಹುರಿಗಡಲೆ ಬಿಟ್ಟು ಎದ್ದೆ.

ಅಷ್ಟರಲ್ಲಿ ಒಳಗಿನಿಂದ ಬಂತು, ಕೂ. ಮತ್ತೆ ಒಂದು, ಕೂ. ನಾನು ಗಂಟಲು ಹರಿಯುವಂತೆ ಓಗೊಟ್ಟೆ. ಜಟ್ಟಪ್ಪ ಅಲುಗಾಡಲಿಲ್ಲ. ಅವನು ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿ ತಯಾರಾಗಿಯೇ ನಿಂತಿದ್ದ, ಆದರೆ ಕಾಲು ಎತ್ತಲಿಲ್ಲ. ತಲೆ ಬಗ್ಗಿಸಿ ಮೂರನೆಯದಕ್ಕೆ ಕಾಯುತ್ತಿದ್ದ. ಮೂರನೆಯದು ಬರಲಿಲ್ಲ. "ಅದು ನಮ್ಮ ಅತ್ತೆ, ಹೋಗಿ" ಎಂದೆ. "ಅದು ಗವಿ, ಅಮ್ಮ. ನೀರು ಹತ್ತಿತಲ್ಲ, ಹಾಂಗೇ ಕೂಗುದು." ಮತ್ತೆ ಎರಡು ಕೂಗು ಬಂತು, ಮತ್ತೆ ನಿಂತಿತು. ನಾನು ನಮ್ಮ ಮನೆಯ ಪದ್ಧತಿ ಹೇಳಿದೆ, ಅವರು ಸತ್ತರೂ ಮೂರನೆಯದು ಕೂಗುವುದಿಲ್ಲ ಎಂದೆ, ಕೈ ಮುಗಿದೆ, ಬಾಯಿಗೆ ಬಂದಂತೆ ಬೈದೆ. ಅವನು ಬೈಗುಳಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. "ಇಲ್ಲಿ ಕೂತವ್ರೆಲ್ಲ ಹೀಂಗೇ ಹೇಳ್ತ್ರು, ಅದು ನಮ್ಮವ್ರದ್ದೇ ದನಿ ಅಂತ. ನನ್ನ ಅಣ್ಣನೂ ಎರಡ್ನೇ ಕೂಗಿಗೇ ಇಳ್ದ. ಒಳಗೆ ಯಾರೂ ಇರ್ಲಿಲ್ಲ. ಅಣ್ಣ ಬರ್ಲಿಲ್ಲ." ಅವನ ಮುಖ ನೋಡಿದರೆ ಅವನಿಗೂ ಅಳು ಬರುವಂತಿತ್ತು. ಅವನು ಹೆದರುಪುಕ್ಕಲ ಎಂದು ಹೇಳಲಾರೆ. ಅವನ ಜಾಗದಲ್ಲಿ ನಾನಿದ್ದರೂ ಹಾಗೆಯೇ ನಿಲ್ಲುತ್ತಿದ್ದೆ.

ನಾನೇ ಇಳಿಯುತ್ತೇನೆ ಎಂದು ನೀರಿಗೆ ಕಾಲಿಟ್ಟೆ. ಅವನು ನನ್ನ ರಟ್ಟೆ ಹಿಡಿದ. "ಕವಲು ಗೊತ್ತಿಲ್ಲದೇ ಹೋದ್ರೆ ಎರಡು ಹೆಣ ತೆಗೀಬೇಕಾತದೆ. ಮೂರ್ನೇದು ಬರ್ಲಿ, ಆಗ ನನ್ನ ಜೀವ ಹೋದ್ರೂ ಬಿಡುದಿಲ್ಲ" ಎಂದ. ನೀರು ನನ್ನ ಮೊಣಕಾಲು ದಾಟಿತ್ತು. ಒಳಗೆ ಅದು ಎಲ್ಲಿಯವರೆಗೆ ಬಂದಿದೆಯೋ. ಗವಿಯ ಬಾಯಿ ಕಣ್ಣೆದುರೇ ಗಿಡ್ಡವಾಗುತ್ತಿತ್ತು. ಮತ್ತೆ ಎರಡು ಕೂಗು ಬಂತು. ಈ ಸಲ ಎರಡನೆಯದು ಮೊಂಡಾಗಿತ್ತು, ಬಾಯಿಗೆ ನೀರು ಹೋದಂತೆ. ಒಳಗೆ ಅತ್ತೆ, ಹೊರಗೆ ಜಟ್ಟಪ್ಪ, ಇಬ್ಬರೂ ತಮ್ಮ ತಮ್ಮ ಕಟ್ಟಳೆ ಹಿಡಿದು ಕೂತಿದ್ದಾರೆ, ನಡುವೆ ನಾನೊಬ್ಬಳು. ಅತ್ತೆಯ ಬಾಯಿಂದ ಮೂರನೆಯದು ಬರಬೇಕು. ಹೇಗೆ ಬರಿಸುವುದು? ಮಾತು ಒಳಗೆ ಹೋಗುವುದಿಲ್ಲ. ರಾಗ ಒಳಗೆ ಹೋಗುತ್ತದೆ ಎಂದು ಆಗ ಹೊಳೆಯಿತು.

ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿ ಈಗಲೂ ಇಲ್ಲ. ಗದ್ದೆ, ತೋಟ, ಬೀದಿ ಎಲ್ಲವನ್ನೂ ತಿಂದ ಕಡಲು ಅದೊಂದನ್ನು ಬಿಟ್ಟಿದೆ. ನಾನು ಬಂಡೆಗೆ ಕೈಯೂರಿ, ಗವಿಯ ಬಾಯಿಗೆ ಮುಖ ಕೊಟ್ಟು, ಮುಕ್ಕರೆಯ ರಾಗದಲ್ಲಿ ಎಳೆದೆ, ಶಾಂಭವೀ. ಆ ರಾಗ ತೇಲೂರಿನ ಕೂಸಿಗೂ ಗೊತ್ತು, ಬದುಕಿರುವಾಗಲೇ ತನ್ನ ಮುಕ್ಕರೆ ಕೇಳಿಸಿಕೊಂಡು ಸುಮ್ಮನಿರುವ ಹೆಂಗಸಲ್ಲ ಅತ್ತೆ. ಎರಡನೆಯ ಸಲ ಎಳೆದೆ, ಶಾಂಭವೀ. ಒಳಗೆ ಏನೂ ಸದ್ದಿಲ್ಲ. ಮೂರನೆಯದು ಗಂಟಲಲ್ಲಿ ನಿಂತುಬಿಟ್ಟಿತು. ಇದಕ್ಕೆ ಉತ್ತರ ಬರದಿದ್ದರೆ ನನ್ನ ಬಾಯಾರೆ ನಾನೇ ಅವರನ್ನು ಮುಗಿಸಿದಂತೆ. ಗಂಡನಿಗೆ ಏನು ಹೇಳಲಿ? ಮೂವತ್ತು ವರ್ಷ ಜಗಳವಾಡಿದ ಹೆಂಗಸು, ನನ್ನ ಬಾಣಂತನದಲ್ಲಿ ಬೆನ್ನಿಗೆ ಬಿಸಿನೀರು ಹೊಯ್ದ ಹೆಂಗಸು. ಅವರಿಲ್ಲದ ಮನೆ ನನಗೆ ಬೇಡ ಎಂದು ಆ ನೀರಿನಲ್ಲಿ ನಿಂತಾಗ ನನಗೆ ಗೊತ್ತಾಯಿತು. ಕಣ್ಣು ಮುಚ್ಚಿ ಮೂರನೆಯ ಸಲ ಕರೆದೆ.

ಜಟ್ಟಪ್ಪ ತಲೆಯ ಮೇಲಿನ ಟೊಪ್ಪಿ ತೆಗೆದ. ಅವನಿಗೂ ಆ ರಾಗ ಗೊತ್ತಿತ್ತು.

ಒಳಗಿನಿಂದ ಒಂದು ಕೂ ಬಂತು. ಎರಡನೆಯದು ಬಂತು. ಆಮೇಲೆ ಮೂರನೆಯದು ಬಂತು, ನಾಲ್ಕನೆಯದು, ಐದನೆಯದು, ನಿಲ್ಲಲೇ ಇಲ್ಲ. ಕೂಗಿನಲ್ಲಿದ್ದದ್ದು ಹೆದರಿಕೆಯಲ್ಲ, ಸಿಟ್ಟು. ನಮ್ಮ ಅಡುಗೆಮನೆಯಲ್ಲಿ ಹಾಲು ಉಕ್ಕಿಸಿದಾಗ ಬರುವ ಅದೇ ಸಿಟ್ಟು. ಜಟ್ಟಪ್ಪ ಹಗ್ಗದ ತುದಿಯನ್ನು ನನ್ನ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿ ತಾನು ಕಟ್ಟಿಕೊಂಡು ಮುಳುಗಿದ. ನಾನು ಓಗೊಡುತ್ತಲೇ ಇದ್ದೆ. ಎಷ್ಟು ಹೊತ್ತಾಯಿತೋ ತಿಳಿಯದು. ನೀರು ಎದೆಗೆ ಬಂತು, ಅಲೆ ಮುಖಕ್ಕೆ ಹೊಡೆಯಿತು. ಒಳಗಿನ ಕೂಗು ನಿಂತಿತು. ಹಗ್ಗವನ್ನು ಒಂದೇ ಸಮ ಎಳೆಯುತ್ತ, ದೇವರನ್ನೂ ನಿಮ್ಮನ್ನೂ ಸೇರಿಸಿ ಬೈಯುತ್ತ ಇದ್ದೆ. ಕಡೆಗೆ ನೀರಿನಿಂದ ಒಂದು ನರೆತ ತಲೆ ಎದ್ದಿತು, ಹಿಂದೆಯೇ ಜಟ್ಟಪ್ಪನದು.

ಬಂಡೆಯ ಸಂದಿಯಲ್ಲಿ ಅವರ ಕಾಲು ಸಿಕ್ಕಿಕೊಂಡಿತ್ತಂತೆ. ಪಾದದ ಚರ್ಮ ಸುಲಿದು ಹೋಗಿತ್ತು, ತುಟಿ ನೀಲಿಯಾಗಿತ್ತು. ಬಂಡೆಯ ಮೇಲೆ ಮಲಗಿಸಿ ನನ್ನ ಸೆರಗಿನಿಂದ ತಲೆ ಒರೆಸುತ್ತಿದ್ದೆ. ಅತ್ತೆ ಕಣ್ಣು ಬಿಟ್ಟು ಹೇಳಿದ ಮೊದಲ ಮಾತು ಇದು: "ನನ್ನ ಹೆಸರು ಹಿಡಿದು ಕೂಗ್ತೀಯೇನೆ? ಅದೂ ಮೂರು ಸಲ?" ಆಮೇಲೆ ನನ್ನ ಕೈ ಹಿಡಿದುಕೊಂಡು ಮಗುವಿನಂತೆ ಅತ್ತರು. ಮೂರನೆಯದು ನಾಲಿಗೆಯ ತುದಿಗೆ ಬಂದಿತ್ತಂತೆ, ಪ್ರತಿ ಸಲವೂ. ಬಾಯಿ ತೆರೆಯಲಿಲ್ಲವಂತೆ. "ಮೂರನೇದು ಕೂಗಿಬಿಟ್ರೆ ನೀನು ಎದ್ದು ಮನೆಗೆ ಹೋಗ್ತೀಯ ಅಂತ ಹೆದರಿಕೆ ಆಯ್ತು ಕಣೇ" ಎಂದರು. ಎಪ್ಪತ್ತು ದಾಟಿದ ಹೆಂಗಸಿನ ಬಾಯಲ್ಲಿ ನಾಲ್ಕು ವರ್ಷದ ನಿಮ್ಮ ಮಗಳ ಹೆದರಿಕೆ. ಜಟ್ಟಪ್ಪ ಹಗ್ಗ ಸುತ್ತುತ್ತ ದೂರದಲ್ಲಿ ಕೂತಿದ್ದ. ತನ್ನ ಅಣ್ಣ ಯಾರ ಕೂಗು ಕೇಳಿ ಇಳಿದನೋ ಏನೋ ಎಂದು ತನ್ನಷ್ಟಕ್ಕೆ ಒಮ್ಮೆ ಅಂದ. ಈಗ ಅವನು ಬಂದವರನ್ನು ಮೊದಲು ಕೇಳುವುದು ಒಂದೇ ಪ್ರಶ್ನೆಯಂತೆ: "ನಿಮ್ಮನೇಲಿ ಎಷ್ಟು ಸಲ ಕರೀತ್ರು?"

ನಾವು ತೇಲೂರಿಗೆ ಬಂದ ದಿನ ಮನೆಯಲ್ಲಿ ದೊಡ್ಡ ಗೊಂದಲ. ಮುಕ್ಕರೆ ಆದವರಿಗೆ ತಟ್ಟೆ ಹಾಕಬಹುದೇ ಎಂದು ನೆರೆಹೊರೆಯ ಹಿರಿಯರೆಲ್ಲ ಸೇರಿ ಚರ್ಚೆ ಮಾಡಿದರು. ಕರೆದದ್ದು ಸೊಸೆ, ಓಗೊಟ್ಟದ್ದು ಅತ್ತೆ, ಇಂಥದ್ದು ಹಿಂದೆ ಆಗಿರಲಿಲ್ಲ. ಅವರು ಇನ್ನೂ ಮಾತಾಡುತ್ತಿದ್ದಾಗಲೇ ಅತ್ತೆ ಕುಂಟುತ್ತ ಒಳಗೆ ಹೋಗಿ, ತಮ್ಮ ತಟ್ಟೆ ತೆಗೆದು, ಅನ್ನ ಬಡಿಸಿಕೊಂಡು, ಸಾರು ಕೇಳಿದರು. ಊಟವಾದ ಮೇಲೆ ಅಟ್ಟದ ಕಡೆ ಕೈ ತೋರಿಸಿ, "ಅದನ್ನೂ ಇಳಿಸು" ಎಂದರು.

ಅದು ಎಂದರೆ ನಿಮ್ಮ ತಟ್ಟೆ. ಸ್ಟೀಲಿನದು, ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಮೃದುಲಾ ಎಂದು ಹೆಸರು ಕೊರೆಸಿದೆ. ಮದುವೆಯಲ್ಲಿ ಬಂದದ್ದಿರಬೇಕು. ನಿಮ್ಮ ಗಂಡ ಕವುಚಿಟ್ಟದ್ದನ್ನು ನಿಮ್ಮ ಮಗಳು ತನ್ನ ಜೊತೆ ಒಯ್ದಳು, ಅವಳ ಮಗಳು, ಅವಳ ಮಗಳು, ಮನೆ ನೀರು ಪಾಲಾದಾಗಲೂ ಬೇರೆಲ್ಲ ಬಿಟ್ಟು ಇದನ್ನು ಹೊತ್ತು ತಂದರು. ಈ ನೂರು ಚಿಲ್ಲರೆ ವರ್ಷಗಳಲ್ಲಿ ಅದನ್ನು ಯಾರೂ ತಿರುಗಿಸಿರಲಿಲ್ಲ. ನಾನು ಹುಣಸೆಹುಳಿ ಹಾಕಿ ಉಜ್ಜಿದೆ. ಒಳಗಡೆ ಈಗಲೂ ಹೊಸದರಂತೆ ಹೊಳೆಯುತ್ತಿದೆ.

ಈಗ ಬೇಡಿಕೆ. ದ್ವೀಪಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನೀವು ಕೇಳುವವರೂ ಅಲ್ಲ, ನಿಮ್ಮ ಸಂತತಿಯನ್ನು ನಾನು ಬಲ್ಲೆ. ಬಂಡೆಯಾಚೆಗೂ ಹೋಗಿ, ಯಾರೂ ನೋಡದ ಆ ಕೊಲ್ಲಿಯನ್ನು ನೋಡಿ. ಆದರೆ ಒಬ್ಬರೇ ಹೋಗಬೇಡಿ. ಬಂಡೆಯ ಈಚೆ ಒಬ್ಬರನ್ನು ಕೂರಿಸಿ ಹೋಗಿ. ಹೋಗುವ ಮೊದಲು, ನಾನು ಎಷ್ಟು ಸಲ ಕೂಗುತ್ತೇನೆ, ನೀನು ಎಷ್ಟು ಸಲ ಕಾಯುತ್ತೀಯ ಎಂದು ಬಾಯಿಬಿಟ್ಟು ಮಾತಾಡಿಕೊಳ್ಳಿ. ಮೊದಲ ಕರೆಗೇ ತಿರುಗಿ. ಮಗು "ಅಮ್ಮ ಓ ಅಂದ್ಲು" ಎಂದರೆ ನಂಬಬೇಕೆಂದು ನಿಮ್ಮ ಗಂಡನಿಗೆ ಇವತ್ತೇ ಹೇಳಿಡಿ. ನೀವು ವಾಪಸು ಬಂದರೆ ನಮ್ಮ ಪದ್ಧತಿಯೇ ಇರುವುದಿಲ್ಲ, ಆಗ ಉಸಿರುಗವಿಯಲ್ಲಿ ನಡೆದದ್ದು ನಡೆಯುತ್ತದೋ ಇಲ್ಲವೋ, ನಾನು ಈ ಮನೆಯ ಸೊಸೆಯಾಗುತ್ತೇನೋ ಇಲ್ಲವೋ ಎಂದು ಹಿಂದಂಚೆಯವರು ನನ್ನನ್ನು ಹೆದರಿಸಿದರು. ಅತ್ತೆಯನ್ನು ಕೇಳಿದೆ. "ಸೊಸೆ ಬೇರೆ ಸಿಗ್ತಾಳೆ, ನೀನು ಬರಿ" ಎಂದರು. ಹಾಗೆನ್ನುತ್ತಲೇ ನನ್ನ ಪಕ್ಕಕ್ಕೆ ಬಂದು ಕೂತಿದ್ದಾರೆ, ಕಾಗದ ಮುಗಿಯುವವರೆಗೂ ಏಳುವ ಹಾಗೆ ಕಾಣುವುದಿಲ್ಲ.

ನಿಮ್ಮ ಗಂಡ ಮೂರಕ್ಕೆ ನಿಲ್ಲಿಸಿದರು. ಅವರ ಮೇಲೆ ನನಗೆ ಕೋಪವಿಲ್ಲ, ಅವರ ಗಂಟಲು ಎಲ್ಲಿ ಕಟ್ಟಿತ್ತೋ ನನಗೀಗ ಗೊತ್ತು. ಆದರೆ ಬಂಡೆಯಾಚೆ ನೀವು ಇನ್ನೂ ಕೇಳಿಸಿಕೊಳ್ಳುತ್ತಿದ್ದಿರಿ ಎಂದು ಈ ಮನೆಯ ಒಂದು ಮಗು ಸಾಯುವವರೆಗೂ ನಂಬಿತ್ತು, ನಾವೂ ನಂಬಿದ್ದೇವೆ. ಮೃದುಲಜ್ಜೀ, ಇದು ನಾಲ್ಕನೆಯ ಕರೆ. ತಟ್ಟೆ ಅಂಗಾತ ಇಟ್ಟಿದ್ದೇವೆ. ಊಟಕ್ಕೆ ಬನ್ನಿ.

ನಿಮ್ಮ,
ವಾರಾಹಿ